ಹಾದಿ ನಮ್ಮ ಕೇರಿಯ ಹತ್ತಿರ ಯಾಕೆ ನಿಂತುಹೋಗುತ್ತೆ?

(ವಿದ್ಯಾರ್ಥಿ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಈಗ ಸಣ್ಣಪುಟ್ಟ ಊರುಗಳಲ್ಲೂ ‘ಪಾರಂಪರಿಕ ನಡಿಗೆ’ ಅನ್ನೋ ಮಾತು ಕೇಳಿಬರ್ತಿದೆ. ಊರಿನ ಗುಡಿ, ಕೋಟೆ, ಕಲ್ಯಾಣಿ, ಹಳೇ ತೊಟ್ಟಿಮನೆಗಳನ್ನೆಲ್ಲ ಒಂದು ಹಾದಿಯಲ್ಲಿ ಪೋಣಿಸಿ, ಅಲ್ಲಲ್ಲಿ ಬೋರ್ಡು ನೆಟ್ಟು, ಹೊರಗಿನಿಂದ ಬಂದವರಿಗೆ ತೋರಿಸುವುದು. ಇದರಿಂದ ಊರಿಗೆ ನಾಲ್ಕು ಕಾಸು ಬರುತ್ತೆ, ಹುಡುಗರಿಗೆ ಕೆಲಸ ಸಿಗುತ್ತೆ ಅಂತಾರೆ. ಬರಲಿ, ಸಿಗಲಿ. ನಾವು ಅದಕ್ಕೆ ಅಡ್ಡ ಬರುವವರಲ್ಲ. ಆದರೆ ಕೆಲವು ಪ್ರಶ್ನೆ ಕೇಳದೆ ಸುಮ್ಮನಿರುವವರೂ ಅಲ್ಲ.

ನಾವು ಕೆಲವರು ಅಂಥ ಒಂದು ಊರಿಗೆ ಹೋಗಿದ್ವಿ. ಊರ ಹೆಸರು ಬೇಡ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಬಣ್ಣದ ನಕ್ಷೆ ಹಾಕಿದ್ದರು. ಗುಡಿ, ಮಠ, ಅಗ್ರಹಾರ, ಕೋಟೆಬಾಗಿಲು ಎಲ್ಲ ಇತ್ತು. ಒಂದು ಮೂಲೆಯಲ್ಲಿ ರಸ್ತೆಯ ಗೆರೆ ಇದ್ದಕ್ಕಿದ್ದ ಹಾಗೆ ನಿಂತುಹೋಗಿತ್ತು. ಆಚೆಗೆ ಬರೀ ಹಸಿರು ಬಣ್ಣ. ಆ ಹಸಿರಿನಲ್ಲಿ ಏನಿದೆ ಅಂತ ನಡೆದು ನೋಡಿದ್ವಿ. ಇನ್ನೇನಿರುತ್ತೆ? ನಮ್ಮ ಕೇರಿ. ಜಗಲಿ ಮೇಲೆ ಕೂತಿದ್ದ ಅಜ್ಜಿ ಕೇಳಿದಳು: ‘ಗುಡಿ ನೋಡಕ್ ಬಂದ್ರಾ ಮಕ್ಳೇ? ಗುಡಿ ಆ ಕಡೆ ಐತೆ. ಈ ಕಡೆ ನಾವಿರೋದು.’ ತಾನಿರುವ ಕಡೆ ನೋಡುವಂಥದ್ದು ಏನೂ ಇಲ್ಲ ಅಂತ ಆ ತಾಯಿಗೆ ಕಲಿಸಿಕೊಟ್ಟವರು ಯಾರು?

ಬೇಲೂರಿಗೆ ಬನ್ನಿ. ಅಲ್ಲಿನ ಚೆನ್ನಕೇಶವನ ಗುಡಿ 1117ರದ್ದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಶಿಲಾಬಾಲಿಕೆಯರ ಕೆಳಗೆ ದಾಸೋಜ, ಚಾವಣ ಅಂತ ಶಿಲ್ಪಿಗಳ ಹೆಸರಿದೆ. ಕೆತ್ತಿದವನ ಹೆಸರು ಉಳಿದದ್ದು ಸಂತೋಷ. ಆದರೆ ಆ ಬಳಪದ ಕಲ್ಲನ್ನು ಒಡೆದವರ, ಎಳೆದು ತಂದವರ ಹೆಸರು ಯಾವ ಕಲ್ಲಿನಲ್ಲಿದೆ? ಇನ್ನೊಂದು ಮಾತು. ಬೇಲೂರಿನ ದೇವರು ಬಾಬಾಬುಡನ್ ಗಿರಿಗೆ ಹೋಗಿಬರುತ್ತಾನೆ, ಅವನ ಮೆಟ್ಟು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರಿಗೆ ಕನಸು ಬೀಳುತ್ತೆ, ಅವರು ಹೊಸ ಮೆಟ್ಟು ಹೊಲಿದು ತರುತ್ತಾರೆ ಅನ್ನೋ ಕತೆಯನ್ನು ಹಳೇ ಮೈಸೂರು ಗೆಜೆಟಿಯರೇ ಬರೆದಿಟ್ಟಿದೆ. ಮೆಟ್ಟು ಒಪ್ಪಿಸುವುದಕ್ಕೆ ಅವರಿಗೆ ಗುಡಿಯ ಅಂಗಳದವರೆಗೆ ಪ್ರವೇಶವಿತ್ತು. ದೇವರ ಕಾಲಿನ ಅಳತೆ ಗೊತ್ತಿದ್ದವನಿಗೆ ದೇವರ ಮುಖ ನೋಡುವ ಹಕ್ಕಿರಲಿಲ್ಲ!

ಮೇಲುಕೋಟೆಯದೂ ಇದೇ ಕತೆ. ಉತ್ಸವಮೂರ್ತಿಯನ್ನು ದಿಲ್ಲಿಯಿಂದ ತರುವಾಗ ನಮ್ಮವರು ರಾಮಾನುಜರಿಗೆ ನೆರವಾದರಂತೆ. ಅದಕ್ಕೆ ‘ತಿರುಕುಲ’ ಅಂತ ಹೆಸರು ಕೊಟ್ಟು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಟ್ಟರಂತೆ. ಇದನ್ನು ಔದಾರ್ಯದ ಕತೆಯಾಗಿ ಹೇಳ್ತಾರೆ. ನಾವು ಲೆಕ್ಕದ ಕತೆಯಾಗಿ ಕೇಳೋಣ. ಮೂರು ದಿನ ಬಿಟ್ಟರು ಸರಿ, ಉಳಿದ 362 ದಿನದ ಕತೆಯನ್ನು ಯಾರು ಹೇಳಬೇಕು?

ಇನ್ನು ಕೆರೆ. ಮೈಸೂರು ಸೀಮೆಯಲ್ಲಿ, ಕೋಲಾರದ ಕಡೆ, ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು ನೀರಗಂಟಿ. ಎಷ್ಟೋ ಊರುಗಳಲ್ಲಿ ಅವನು ನಮ್ಮ ಕೇರಿಯವನೇ. ಊರಿಗೆಲ್ಲ ನೀರು ಹಂಚಿದವನು ಊರ ಬಾವಿಯಲ್ಲಿ ಬಿಂದಿಗೆ ಇಳಿಸುವಂತಿರಲಿಲ್ಲ. ಎಲ್ಲೆಕಲ್ಲಿನ ಜಗಳ ಬಂದಾಗ ಕುಳವಾಡಿ ಹೇಳಿದ್ದೇ ಸಾಕ್ಷಿ. ಊರಿನ ಎಲ್ಲೆ ಗೊತ್ತಿದ್ದವನಿಗೆ ಊರೊಳಗೆ ಮನೆ ಇಲ್ಲ. ತೂಬು, ಎಲ್ಲೆಕಲ್ಲು, ಊರಬಾವಿ ಪರಂಪರೆ ಅಲ್ಲದೆ ಮತ್ತೇನು? ಆ ಹಾದಿಯ ಮೇಲೆ ಇವಕ್ಕೂ ಒಂದೊಂದು ಬೋರ್ಡು ಬೇಕು. ನೀರಗಂಟಿ ಯಾರಾಗಿದ್ದ, ಬಾವಿಗೆ ಯಾರನ್ನು ಬಿಡುತ್ತಿರಲಿಲ್ಲ ಅನ್ನೋದೂ ಅದರಲ್ಲಿರಬೇಕು.

ಗೆಳೆಯರೇ, ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಅನ್ನದ, ಸೂರಿನ ಪ್ರಶ್ನೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಸ್ಮಾರಕ ಉಳಿಯಬೇಕು, ನಿಜ. ಆದರೆ 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬೀದಿಯಲ್ಲಿ ಏನಾಯ್ತು? ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳನ್ನು ಬುಲ್ಡೋಜರ್ ಕೆಡವಿತು. ಕಲ್ಲು ಉಳಿಸೋದಕ್ಕೆ ಬಡವನ ಒಲೆ ಆರಿಸುವುದಾದರೆ ಅದು ಯಾರ ಪರಂಪರೆ? ನಾಳೆ ನಿಮ್ಮೂರಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಹುಡುಕಾಟ ನಡೆದರೆ ಮೊದಲು ಕಣ್ಣು ಬೀಳೋದು ಎಲ್ಲಿಗೆ ಅಂತ ಹೇಳಬೇಕೇ?

ಅದಕ್ಕೇ ಬಾಯಲ್ಲಿ ಬೈದು ಸುಮ್ಮನಾಗೋದು ಬೇಡ. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿಯಿರಿ. ಕೇರಿಯ ಹಿರಿಯರ ಹತ್ತಿರ ಕೂತು ಕೇಳಿ: ಯಾವ ಕೆರೆಗೆ ಮಣ್ಣು ಹೊತ್ತಿರಿ, ಯಾವ ಬಾವಿಗೆ ಹೋಗಿ ಏಟು ತಿಂದಿರಿ, ತಮಟೆಯ ಯಾವ ಹೊಡೆತ ಯಾವುದಕ್ಕೆ? ಕೇರಿಯನ್ನೂ ಸೇರಿಸಿ ಊರಿನ ನಕ್ಷೆ ನೀವೇ ಬರೆಯಿರಿ. ಮನೆಯ ಹಕ್ಕುಪತ್ರ ಇದೆಯೋ ಇಲ್ಲವೋ ಪಂಚಾಯ್ತಿಯಲ್ಲಿ ಈಗಲೇ ವಿಚಾರಿಸಿ. ನಡಿಗೆಯ ಯೋಜನೆ ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಗೈಡ್ ತರಬೇತಿಯಲ್ಲಿ ನಮ್ಮ ಹುಡುಗ ಹುಡುಗಿಯರು ಎಷ್ಟು ಜನ? ಅಂಗಡಿ ಮಳಿಗೆ ಯಾರಿಗೆ? ಬಂದವರಿಗೆ ನಮ್ಮ ಮನೆಯ ಮುದ್ದೆ, ಸಾರೂ ಬಡಿಸುತ್ತೀರೋ, ಇಲ್ಲ ತಮಟೆ ಬಡಿಯೋದಕ್ಕೆ ಮಾತ್ರ ನಾವು ಬೇಕೋ?

ಕೊನೆಗೆ ಒಂದು ನಡಿಗೆಯನ್ನು ನೆನಪಿಸ್ತೀವಿ. ಮಹಾಡ್ ಕೂಡ ಸಣ್ಣ ಊರೇ. ಅಲ್ಲಿನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ನಿರ್ಣಯ ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಆ ಕೆರೆಗೆ ನಡೆದು ನೀರು ಕುಡಿದರು. ಜಾತಿವಾದಿಗಳು 108 ಕೊಡ ಪಂಚಗವ್ಯ ಸುರಿದು ಕೆರೆ ‘ಶುದ್ಧಿ’ ಮಾಡಿದರು. ಕೋರ್ಟಿನಲ್ಲಿ ಹತ್ತು ವರ್ಷ ಹೊಡೆದಾಡಿ 1937ರಲ್ಲಿ ನಮ್ಮವರು ಗೆದ್ದರು. ಇವತ್ತಿಗೂ ಮಾರ್ಚ್ 20 ಬಂದರೆ ಜನ ಅಲ್ಲಿಗೆ ಹೋಗ್ತಾರೆ. ಆ ಹಾದಿಯನ್ನು ಯಾವ ಇಲಾಖೆಯೂ ಮಾಡಿಕೊಡಲಿಲ್ಲ, ನಡೆದೇ ಮಾಡಿದ್ದು.

ನಿಮ್ಮೂರಿನ ಹಾದಿಯೂ ಕೇರಿಯ ತನಕ ಬರಬೇಕಾದರೆ ಮೊದಲು ನಡೆಯಬೇಕಾದವರು ನಾವೇ. ನಡೆಯೋಣ.

ಜೈ ಭೀಮ್.