ಓದು ಒಕ್ಕಾಲು, ಬುದ್ಧಿ ಮುಕ್ಕಾಲು

(ವಿಶ್ವ ಸಾಕ್ಷರತಾ ದಿನದ ಅಂಗವಾಗಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



“ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಬಹಳ ಹಿಂದಿನಿಂದ ರೂಢಿಯಲ್ಲಿದೆ. ಶಾಲೆಗೆ ಹೋಗದವರಿಗೆ ಸಮಾಧಾನ ಹೇಳಲು ಈ ಮಾತನ್ನು ಬಳಸುವವರುಂಟು; ಓದಿದವರನ್ನು ಹಂಗಿಸಲು ಬಳಸುವವರೂ ಉಂಟು. ಆದರೆ ಗಾದೆಯ ಲೆಕ್ಕವನ್ನು ಸರಿಯಾಗಿ ಮಾಡಿ ನೋಡಬೇಕು. ಹಳೆಯ ನಾಣ್ಯದ ಲೆಕ್ಕದಲ್ಲಿ ಮುಕ್ಕಾಲು ರೂಪಾಯಿ ಎಂದರೆ 12 ಆಣೆ. ಕೈಯಲ್ಲಿ 12 ಆಣೆ ಇದ್ದವನು ಬರಿಗೈಯವನಲ್ಲ. ಹಾಗೆಂದು ಅದು ಪೂರ್ತಿ ರೂಪಾಯಿಯೂ ಅಲ್ಲ. ಉಳಿದ 4 ಆಣೆ ಸೇರಲೇಬೇಕು. ಇಂದಿನ ವಿಷಯ ಈ ಎರಡೂ ಮಾತಿಗೆ ಸಂಬಂಧಿಸಿದ್ದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸಾಕ್ಷರರ ಪ್ರಮಾಣ ಶೇಕಡಾ 75.36. ಪುರುಷರಲ್ಲಿ ಇದು 82.47 ಇದ್ದರೆ ಮಹಿಳೆಯರಲ್ಲಿ 68.08 ಮಾತ್ರ. ಗ್ರಾಮಾಂತರ ಪ್ರದೇಶಗಳಲ್ಲಿ ಒಟ್ಟು ಪ್ರಮಾಣ ಇನ್ನೂ ಕಡಿಮೆ. ಬೀಜ ಕಾಪಿಡುವವರು, ನಾಟಿ ಮಾಡುವವರು, ಕಳೆ ಕೀಳುವವರು ಹೆಚ್ಚಾಗಿ ಮಹಿಳೆಯರೇ ಎಂಬುದನ್ನು ನೆನೆದರೆ, ಈ ಅಂಕಿಗಳು ಕೇವಲ ಶಿಕ್ಷಣ ಇಲಾಖೆಗೆ ಸೇರಿದವಲ್ಲ, ಬೇಸಾಯಕ್ಕೂ ಸೇರಿದವು ಎಂಬುದು ಸ್ಪಷ್ಟವಾಗುತ್ತದೆ.

ಅನಕ್ಷರತೆ ಬೇರೆ, ಅಜ್ಞಾನ ಬೇರೆ

ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನ, ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲ ವ್ಯಕ್ತಿಯನ್ನು ಜನಗಣತಿಯಲ್ಲಿ ಸಾಕ್ಷರ ಎನ್ನುತ್ತಾರೆ. ಈ ಅಳತೆಗೋಲು ಅಕ್ಷರವನ್ನು ಅಳೆಯುತ್ತದೆಯೇ ಹೊರತು ತಿಳಿವಳಿಕೆಯನ್ನಲ್ಲ. ಮಣ್ಣಿನ ಹದ, ಮೋಡದ ದಿಕ್ಕು, ಎತ್ತಿನ ಉಸಿರು ಇವುಗಳಿಂದ ಮುಂದಿನ ಕೆಲಸ ಗೊತ್ತುಮಾಡುವ ರೈತನನ್ನು ಅಜ್ಞಾನಿ ಎನ್ನುವುದು ಸರಿಯಲ್ಲ. ಇದಕ್ಕೆ ನಿದರ್ಶನವಾಗಿ ಮೂವರ ಬದುಕನ್ನು ನೋಡಬಹುದು.

ಗುಡ್ಡದೊಳಗಿನ ನೀರು

ದಕ್ಷಿಣ ಕನ್ನಡ ಜಿಲ್ಲೆಯ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಶಾಲೆಯ ಮುಖ ಕಂಡವರಲ್ಲ. ತೆಂಗು, ಅಡಿಕೆ ಮರ ಹತ್ತುವ ಕೂಲಿ ಅವರ ವೃತ್ತಿ. ಅವರಿಗೆ ದೊರೆತದ್ದು ಸುಮಾರು ಎರಡು ಎಕರೆಯ ಬೋಳು ಗುಡ್ಡದ ಇಳಿಜಾರು. ಅಲ್ಲಿ ನೀರಿರಲಿಲ್ಲ, ಬಾವಿ ತೋಡಿಸಲು ಹಣವೂ ಇರಲಿಲ್ಲ. ಅವರು ಆರಿಸಿಕೊಂಡದ್ದು ಆ ಸೀಮೆಯ ಹಳೆಯ ಪದ್ಧತಿಯಾದ ಸುರಂಗವನ್ನು.

ಸುರಂಗವೆಂದರೆ ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ಒಳಗೆ ನಡೆದು ಅಗೆಯುವಷ್ಟು ಮಾತ್ರ ಜಾಗವಿರುತ್ತದೆ. ಮಳೆಯ ನೀರು ಜಂಬಿಟ್ಟಿಗೆಯ (ಮುರಕಲ್ಲಿನ) ಮೂಲಕ ಇಳಿದು ಕೆಳಗಿನ ಗಟ್ಟಿ ಜೇಡಿಯ ಪದರದ ಮೇಲೆ ನಿಲ್ಲುತ್ತದೆ. ಸುರಂಗ ಆ ನೀರಿನ ಪದರವನ್ನು ಮುಟ್ಟಿದರೆ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಆದರೆ ಎಲ್ಲಿ ಕೊರೆಯಬೇಕು, ಇಳಿಜಾರು ಎಷ್ಟಿರಬೇಕು, ಯಾವ ಮಣ್ಣು ಕುಸಿಯುತ್ತದೆ ಎಂಬುದನ್ನು ಅಗೆಯುವವನೇ ಮಣ್ಣಿನ ತೇವ, ಬಣ್ಣ, ಗಟ್ಟಿತನಗಳಿಂದ ತಿಳಿಯಬೇಕು.

ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಒಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಮತ್ತೊಂದು ಕೊರೆದರು, ಅದರಲ್ಲೂ ಸಿಗಲಿಲ್ಲ. ಹೀಗೆ ವರ್ಷಗಟ್ಟಲೆ ಪಟ್ಟ ಶ್ರಮ ವ್ಯರ್ಥವಾಯಿತೆಂದು ಊರವರು ಆಡಿಕೊಂಡರೂ ಅವರು ಹಾರೆ ಕೆಳಗಿಡಲಿಲ್ಲ. ಕೊನೆಗೆ ನೀರು ಬಂತು. ಬೋಳು ಗುಡ್ಡ ಅಡಿಕೆ, ತೆಂಗು, ಬಾಳೆಯ ತೋಟವಾಯಿತು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ತಾಯಿಮರ ಬಲ್ಲ ತುಳಸಿ ಗೌಡ

ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಅವರೂ ಶಾಲೆಗೆ ಹೋಗಲಿಲ್ಲ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಿನಗೂಲಿಯವರಾಗಿ ಸೇರಿ ದಶಕಗಳ ಕಾಲ ದುಡಿದರು. ಒಂದೊಂದು ಜಾತಿಯ ಕಾಡುಮರದ ಬೀಜವನ್ನು ಯಾವ ತಾಯಿಮರದಿಂದ, ಯಾವ ಹೊತ್ತಿನಲ್ಲಿ ಆಯಬೇಕು, ಅದು ಮೊಳೆಯಲು ಏನು ಮಾಡಬೇಕು ಎಂಬುದು ಅವರಿಗೆ ಕರಗತವಾಗಿತ್ತು. ಬೀಜದ ಗುಣ ತಾಯಿಮರದಲ್ಲಿದೆ ಎಂಬುದು ಬೀಜೋತ್ಪಾದನೆಯ ಮೊದಲನೆಯ ಪಾಠ. ಅವರು ಆ ಪಾಠವನ್ನು ಕಾಡಿನಲ್ಲೇ ಓದಿಕೊಂಡರು. 2020ನೇ ಸಾಲಿನ ಪದ್ಮಶ್ರೀ ಅವರಿಗೆ ಸಂದಿತು. 2024ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಅವರ ತಿಳಿವಳಿಕೆಯಲ್ಲಿ ಬರಹಕ್ಕೆ ಇಳಿದದ್ದೆಷ್ಟು, ಅವರೊಂದಿಗೇ ಹೋದದ್ದೆಷ್ಟು ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ವಿಸ್ತರಣಾ ಕಾರ್ಯಕರ್ತನೂ ಕೇಳಿಕೊಳ್ಳಬೇಕು.

ಕೆಲವೇ ತೆನೆಗಳಿಂದ ಒಂದು ತಳಿ

ಮೂರನೆಯ ನಿದರ್ಶನ ಮಹಾರಾಷ್ಟ್ರದ್ದು. ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯ ದಾದಾಜಿ ಖೋಬ್ರಾಗಡೆಯವರು ಓದಿದ್ದು ಮೂರನೆಯ ತರಗತಿಯವರೆಗೆ. ಇದ್ದ ಭೂಮಿ ಒಂದೂವರೆ ಎಕರೆ. 1983ರಲ್ಲಿ ತಮ್ಮ ‘ಪಟೇಲ್-3’ ಭತ್ತದ ಗದ್ದೆಯಲ್ಲಿ ಉಳಿದವುಗಳಿಗಿಂತ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಅವರು ಗುರುತಿಸಿದರು. ಅವುಗಳನ್ನು ಪ್ರತ್ಯೇಕವಾಗಿ ಕೊಯ್ದು, ಕಾಳನ್ನು ಜೋಪಾನವಾಗಿಟ್ಟು, ಮರುವರ್ಷ ಬೇರೆಯಾಗಿ ಬಿತ್ತಿದರು. ವರ್ಷದಿಂದ ವರ್ಷಕ್ಕೆ ಬೀಜವನ್ನು ಹೆಚ್ಚಿಸುತ್ತಾ ಹೋದರು. ಸಣ್ಣಕ್ಕಿ, ಒಳ್ಳೆಯ ರುಚಿ, ಉತ್ತಮ ಇಳುವರಿ ಇವು ಆ ತಳಿಯಲ್ಲಿ ಕೂಡಿಬಂದಿದ್ದವು. ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಎಚ್.ಎಂ.ಟಿ. ಕೈಗಡಿಯಾರದ ಹೆಸರೇ ಭತ್ತಕ್ಕೂ ಅಂಟಿಕೊಂಡಿತು.

ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆ. ಆದ್ದರಿಂದ ಒಳ್ಳೆಯ ಗಿಡವನ್ನು ಆರಿಸಿ, ಬೆರಕೆಯಾಗದಂತೆ ಕೆಲವು ವರ್ಷ ಬೆಳೆಸಿದರೆ ಗುಣ ನಿಲ್ಲುತ್ತದೆ. ತಳಿಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಶುದ್ಧ ತಳಿ ಆಯ್ಕೆ ಎಂದು ಹೆಸರು. ದಾದಾಜಿಯವರು ಹೆಸರು ತಿಳಿಯದೆಯೇ ಕ್ರಮವನ್ನು ತಪ್ಪದೆ ಅನುಸರಿಸಿದರು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೀಜ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಬೆಳೆದವರಿಗೂ ಮಾರಿದವರಿಗೂ ಲಾಭ ಬಂತು. ತಳಿಯನ್ನು ಕಂಡುಹಿಡಿದವರಿಗೆ ದೊರೆತದ್ದು ಅತ್ಯಲ್ಪ. 2005ರಲ್ಲಿ ರಾಷ್ಟ್ರಪತಿ ಡಾ. ಅಬ್ದುಲ್ ಕಲಾಮ್ ಅವರಿಂದ ಪ್ರಶಸ್ತಿ ಬಂದರೂ ಬಡತನ ನೀಗಲಿಲ್ಲ. 2018ರ ಜೂನ್‌ನಲ್ಲಿ ಅವರು ತೀರಿಕೊಂಡರು. ತಳಿ ಕಂಡ ಕಾಲದಲ್ಲಿ ರೈತನ ಹಕ್ಕನ್ನು ಕಾಯುವ ಕಾನೂನೇ ಇರಲಿಲ್ಲವಾದ್ದರಿಂದ ಇದರಲ್ಲಿ ಅವರ ತಪ್ಪೇನೂ ಇಲ್ಲ. ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯಿದೆ ಬಂದದ್ದು 2001ರಲ್ಲಿ. ಈಗ ರೈತನು ತನ್ನ ತಳಿಯನ್ನು ನೋಂದಾಯಿಸಬಹುದು. ಆದರೆ ಅದಕ್ಕೆ ಅರ್ಜಿ ಬರೆಯಬೇಕು. ತಳಿ ಎಲ್ಲಿಂದ ಬಂತು, ಅದರ ಲಕ್ಷಣಗಳೇನು, ಬೇರೆ ತಳಿಗಳಿಗಿಂತ ಅದು ಹೇಗೆ ಭಿನ್ನ ಎಂಬುದನ್ನು ದಾಖಲೆಯ ಮೂಲಕ ತೋರಿಸಬೇಕು. ಹನ್ನೆರಡಾಣೆ ಬುದ್ಧಿಯಿಂದ ಹುಟ್ಟಿದ ಸಂಪತ್ತನ್ನು ಕಾಯುವುದಕ್ಕೆ ನಾಲ್ಕಾಣೆಯ ಓದು ಬೇಕಾಗುವುದು ಇಲ್ಲಿಯೇ.

ಬಣ್ಣ ನೋಡಿದರೆ ಸಾಲದು

ನಿತ್ಯದ ಬೇಸಾಯದಲ್ಲಿಯೂ ಅಕ್ಷರದ ಅಗತ್ಯ ಹೆಜ್ಜೆಹೆಜ್ಜೆಗೂ ಕಂಡುಬರುತ್ತದೆ.

ಕೀಟನಾಶಕದ ಡಬ್ಬಿಯ ಮೇಲೆ ಓದಲು ಬಾರದವರಿಗೂ ತಿಳಿಯಲೆಂದು ಬಣ್ಣದ ತ್ರಿಕೋನ ಮುದ್ರಿಸಿರುತ್ತಾರೆ. ಕೆಂಪು ಎಂದರೆ ಅತ್ಯಂತ ತೀವ್ರ ವಿಷ. ಅನಂತರ ಹಳದಿ, ನೀಲಿ, ಹಸಿರು ಎಂಬ ಕ್ರಮದಲ್ಲಿ ವಿಷದ ತೀವ್ರತೆ ಕಡಿಮೆಯಾಗುತ್ತದೆ. ಹಸಿರು ಇದ್ದರೂ ಅದು ವಿಷವೇ ಎಂಬುದನ್ನು ಮರೆಯಬಾರದು. ಈಗ ಬೀಜದ ಚೀಲವನ್ನು ನೋಡಿ. ಅಲ್ಲಿ ಹಳದಿ ಚೀಟಿ ತಳಿವರ್ಧಕ ಬೀಜಕ್ಕೆ, ಬಿಳಿ ಮೂಲ ಬೀಜಕ್ಕೆ, ನೀಲಿ ಪ್ರಮಾಣಿತ ಬೀಜಕ್ಕೆ, ಹಸಿರು ಉತ್ಪಾದಕರೇ ಗುಣಮಟ್ಟ ನಮೂದಿಸಿ ಮಾರುವ ಬೀಜಕ್ಕೆ. ಒಂದೇ ಅಂಗಡಿಯಲ್ಲಿ ಒಂದೇ ನೀಲಿ ಬಣ್ಣ ಒಂದು ಕಡೆ ಭರವಸೆಯನ್ನೂ ಇನ್ನೊಂದು ಕಡೆ ವಿಷವನ್ನೂ ಸೂಚಿಸುತ್ತದೆ. ಇನ್ನು ಎಷ್ಟು ನೀರಿಗೆ ಎಷ್ಟು ಔಷಧ, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕೊಯ್ಯಬಹುದು, ಅವಧಿ ಮುಗಿಯುವುದೆಂದು, ವಿಷ ಒಳಗೆ ಹೋದರೆ ಏನು ಚಿಕಿತ್ಸೆ ಎಂಬುದನ್ನು ಯಾವ ಬಣ್ಣವೂ ಹೇಳುವುದಿಲ್ಲ. ಇದನ್ನು ಓದಲಾಗದೆ ಹೋದರೆ ನಷ್ಟ ಬೆಳೆಗೆ ಮಾತ್ರವಲ್ಲ, ಪ್ರಾಣಕ್ಕೂ ಆಗಬಹುದು.

ಗೊಬ್ಬರದ ಲೆಕ್ಕವೂ ಹಾಗೆಯೇ. 2018ರಿಂದ ಯೂರಿಯಾ ಚೀಲದ ತೂಕ 50 ಕಿಲೋ ಬದಲು 45 ಕಿಲೋ ಆಯಿತು. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿದೆ. ಹಿಂದಿನ ಚೀಲದಲ್ಲಿ 23 ಕಿಲೋ ಸಾರಜನಕವಿದ್ದರೆ ಈ ಚೀಲದಲ್ಲಿ 20.7 ಕಿಲೋ. ಚೀಲದ ಮೇಲಿನ ಅಂಕಿ ಓದದೆ “ಎಂದಿನಂತೆ ಎರಡು ಚೀಲ” ಹಾಕಿದ ರೈತ ತನಗೆ ಅರಿವಿಲ್ಲದೆ 4.6 ಕಿಲೋ ಸಾರಜನಕ ಕಡಿಮೆ ಕೊಟ್ಟಂತಾಯಿತು.

ಪಹಣಿ, ಸಾಲಪತ್ರ, ಮಂಡಿಯ ತೂಕದ ಚೀಟಿ ಇವುಗಳ ಮಾತು ಹೇಳಬೇಕಾಗಿಯೇ ಇಲ್ಲ. ಹೆಬ್ಬೆಟ್ಟು ಒತ್ತುವವರು ಇನ್ನೊಬ್ಬರ ಬಾಯಿಮಾತನ್ನು ನಂಬಿಯೇ ಒತ್ತಬೇಕಾಗುತ್ತದೆ. ಇಂದು ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಓದಿ ಹೇಳೆಂದು ಅಪರಿಚಿತರ ಕೈಗೆ ಕೊಟ್ಟರೆ ಖಾತೆಯ ಬೀಗದ ಕೈಯನ್ನೇ ಕೊಟ್ಟಂತೆ.

ಕಲಿಸುವವರು ಗಮನಿಸಬೇಕಾದ ಅಂಶಗಳು

ಬೇಸಾಯಕ್ಕೂ ಅಕ್ಷರಕ್ಕೂ ನಂಟು ಬೆಸೆಯುವ ಪ್ರಯತ್ನ ಹೊಸದಲ್ಲ. ಅಧಿಕ ಇಳುವರಿ ತಳಿಗಳು ಬಂದ 1960ರ ದಶಕದ ಕೊನೆಯಲ್ಲಿ ರೈತರ ತರಬೇತಿ, ಆಕಾಶವಾಣಿ ಪ್ರಸಾರ ಹಾಗೂ ಸಾಕ್ಷರತೆಗಳನ್ನು ಒಂದುಗೂಡಿಸಿದ ಕಾರ್ಯಕ್ರಮ ಆರಂಭವಾಯಿತು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದವು. 2022ರಲ್ಲಿ, 15 ವರ್ಷ ದಾಟಿದವರಿಗಾಗಿ ನವಭಾರತ ಸಾಕ್ಷರತಾ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಮಟ್ಟದಲ್ಲಿ ಇವು ಫಲ ಕೊಡಬೇಕಾದರೆ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ವಯಸ್ಕರನ್ನು ಮಕ್ಕಳಂತೆ ಕಾಣಬಾರದು. ಅಕ್ಷರ ಬಾರದಿದ್ದರೂ ಅವರು ಅನುಭವಸ್ಥರು. ಅಣ್ಣ, ಅಕ್ಕ, ಯಜಮಾನರೇ ಎಂದು ಮರ್ಯಾದೆಯಿಂದ ಮಾತನಾಡಿಸಬೇಕು.

2. ಅವರು ದಿನವೂ ಆಡುವ ಮಾತಿನಿಂದಲೇ ಪಾಠ ಆರಂಭಿಸಬೇಕು. ರಾಗಿ, ಬೀಜ, ಗೊಬ್ಬರ, ಪಹಣಿ ಎಂಬ ಪದಗಳು ಬೇಗ ಮನಸ್ಸಿಗೆ ಹತ್ತುತ್ತವೆ. ಖಾಲಿ ಗೊಬ್ಬರದ ಚೀಲ, ಬೀಜದ ಚೀಟಿಗಳೇ ಪಠ್ಯಪುಸ್ತಕಗಳಾಗಲಿ. ಕೀಟನಾಶಕದ ಖಾಲಿ ಡಬ್ಬಿಯನ್ನು ಮಾತ್ರ ತರಬಾರದು. ಅದರ ಲೇಬಲ್ಲನ್ನು ದೊಡ್ಡದಾಗಿ ಬರೆದು ತೋರಿಸಿದರೆ ಸಾಕು.

3. ಅಂಕಿ ಮತ್ತು ಸಹಿ ಮೊದಲು. ಇವೆರಡೂ ಬಂದ ದಿನವೇ ಕಲಿತವರಿಗೆ ಧೈರ್ಯ ಬರುತ್ತದೆ.

4. ಬಿತ್ತನೆ, ಸುಗ್ಗಿಯ ದಿನಗಳನ್ನು ಬಿಟ್ಟು ಬಿಡುವಿನ ಕಾಲದಲ್ಲಿ ತರಗತಿ ನಡೆಸಬೇಕು. ಮಹಿಳೆಯರಿಗೆ ಅನುಕೂಲವಾದ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು.

5. ಕಲಿತದ್ದು ಬಳಕೆಯಿಲ್ಲದಿದ್ದರೆ ಮರೆತುಹೋಗುತ್ತದೆ. ಬಿತ್ತಿದ ದಿನ, ತಳಿ, ಗೊಬ್ಬರ, ಖರ್ಚು, ಇಳುವರಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಸಬೇಕು. ಇದರಿಂದ ಓದೂ ಉಳಿಯುತ್ತದೆ, ಬೇಸಾಯದ ಲೆಕ್ಕವೂ ಸಿಗುತ್ತದೆ.

6. ಕಲಿಸಲು ಹೋದವರು ಕಲಿತೂ ಬರಬೇಕು. ಹಿರಿಯ ರೈತರು ಕಾಪಾಡಿದ ತಳಿ, ಅವರು ಬಲ್ಲ ನೀರಿನ ಸೆಲೆ, ಬೀಜ ಕೆಡದಂತೆ ಇಡುವ ಕ್ರಮ ಇವುಗಳನ್ನು ಅವರ ಹೆಸರಿನೊಂದಿಗೆ ಬರೆದಿಡಬೇಕು.

ಅಕ್ಷರ ಬಾರದವರು ಕಟ್ಟಿದ ಶಾಲೆ

ಕೊನೆಯದಾಗಿ ಇನ್ನೊಬ್ಬರನ್ನು ಸ್ಮರಿಸಬೇಕು. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರುತ್ತಿದ್ದ ಹರೇಕಳ ಹಾಜಬ್ಬನವರಿಗೆ ಓದು ಬರಹ ಬಾರದು. ವಿದೇಶೀಯರೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ಅವರಿಗೆ ನೋವಾಯಿತು. ತಮ್ಮೂರಿನ ಮಕ್ಕಳಿಗೆ ಈ ಪಾಡು ಬರಬಾರದೆಂದು, ಹಣ್ಣು ಮಾರಿ ಉಳಿಸಿದ ಹಣವನ್ನು ಹಾಕಿ, ಕಚೇರಿಗಳಿಗೆ ಅಲೆದು ಹರೇಕಳದ ನ್ಯೂಪಡ್ಪಿನಲ್ಲಿ ಶಾಲೆಯಾಗುವಂತೆ ಮಾಡಿದರು. 2020ನೇ ಸಾಲಿನ ಪದ್ಮಶ್ರೀ ಅವರಿಗೂ ಸಂದಿತು. ಓದದೆಯೂ ಬಾಳಬಹುದು ಎಂಬುದಕ್ಕೆ ಅವರೇ ಸಾಕ್ಷಿ. ಆದರೂ ಓದು ಬೇಡವೆಂದು ಅವರು ಹೇಳಲಿಲ್ಲ, ಶಾಲೆಯನ್ನೇ ಕಟ್ಟಿಸಿದರು.

ಆದುದರಿಂದ ಅಕ್ಷರ ಬಾರದ ರೈತ ಬಾಂಧವರು ತಮ್ಮನ್ನು ತಾವು ಕೀಳೆಂದು ಎಣಿಸಬೇಕಾಗಿಲ್ಲ, “ಇಷ್ಟು ವಯಸ್ಸಾಯಿತು, ಇನ್ನೇಕೆ?” ಎಂದು ಕೈಬಿಡಲೂಬಾರದು. ನೆಲದಲ್ಲಿ ಇಷ್ಟು ಕಲಿತವರಿಗೆ ಕಾಗದದಲ್ಲಿ ಕಲಿಯುವುದು ಕಷ್ಟವಲ್ಲ. ಮನೆಯಲ್ಲಿ ಓದು ಬಲ್ಲ ಮಗನೋ ಮಗಳೋ ಇದ್ದರೆ ದಿನಕ್ಕೆ ಅರ್ಧ ಗಂಟೆ ಅಪ್ಪ ಅಮ್ಮನ ಪಕ್ಕದಲ್ಲಿ ಕುಳಿತುಕೊಳ್ಳಲಿ. ಮುಂದಿನ ಹಂಗಾಮಿನ ಬೀಜದ ಚೀಟಿಯನ್ನು ಅವರೇ ಓದಿ ಕೊಳ್ಳುವಂತಾಗಲಿ.