ಸಾಲದ ಭಾರ, ಮನದ ಭಾರ

ಬೈಲಹೊಂಗಲ ತಾಲೂಕಿನ ದೊಡವಾಡದ ಕಡೆಯ ಎರೆಹೊಲಗಳನ್ನು ಕಂಡವರಿಗೆ ಗೊತ್ತು: ಮಳೆ ಹದಕ್ಕೆ ಬಿದ್ದರೆ ಆ ನೆಲ ಬಂಗಾರ, ತಪ್ಪಿದರೆ ಬರಿಯ ಬಿರುಕು. ಅಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಲಾವಣಿಗೆ ಹಿಡಿದ ಹೊಲ, ಗೊಬ್ಬರದ ಅಂಗಡಿಯಲ್ಲಿ ಉದ್ರಿ, ಮಗಳ ಮದುವೆಗೆ ತಂದ ಕೈಗಡ. ಎರಡು ವರ್ಷ ಪೀಕು ಬಂದಿಲ್ಲ. ಮನೆಯ ಯಜಮಾನನಿಗೆ ನಿದ್ದೆಯಿಲ್ಲ, ಊಟ ಸೇರದು. ಗುಡಿಯ ಕಟ್ಟೆಗೆ ಬರುವುದನ್ನೂ ಬಿಟ್ಟಿದ್ದಾನೆ. ಇವನ ಬೇನೆ ಮನಸ್ಸಿನದೋ, ಸಾಲದ್ದೋ?

ಈ ಪ್ರಶ್ನೆ ನಮ್ಮಲ್ಲಿ ಹೊಸದಲ್ಲ. ರೈತರ ಆತ್ಮಹತ್ಯೆಗಳ ಕಾರಣ ಅರಿಯಲು ಕರ್ನಾಟಕ ಸರ್ಕಾರ ನೇಮಿಸಿದ್ದ ಡಾ. ಜಿ. ಕೆ. ವೀರೇಶ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕುಡಿತ, ಮನೆಯ ಕಲಹಗಳಿಗೆ ಅದು ಕೊಟ್ಟ ಒತ್ತು ದೊಡ್ಡ ವಾದಕ್ಕೆ ಎಡೆಯಾಯಿತು. 2015ರ ಬರದಲ್ಲಿ, ಕಬ್ಬಿನ ಬಾಕಿ ಉಳಿದಿದ್ದ ಕಾಲದಲ್ಲಿ, ಸಾವುಗಳು ಹೆಚ್ಚಿದಾಗ ಅದೇ ವಾದ ಮರಳಿ ಎದ್ದಿತು.

ಎರಡನ್ನೂ ಬೇರ್ಪಡಿಸುವುದೇ ತಪ್ಪೆಂದು ನನ್ನ ಎಣಿಕೆ. ಸಾಲ ಉಳ್ಳವನಿಗೂ ಇದ್ದೀತು. ಆದರೆ ಓಣಿಯ ಜನರೆದುರು ಮಾನ ಹೋಗುವುದು ಇಲ್ಲದವನದು. ಉತಾರದಲ್ಲಿ ಲಾವಣಿದಾರನ ಹೆಸರಿಲ್ಲ. ಬೆಳೆಸಾಲ, ಪರಿಹಾರಗಳು ಅವನಿಗೆ ದಕ್ಕುವುದು ಕಷ್ಟ. ಅವನೊಡನೆ ಬಿಸಿಲಲ್ಲಿ ದುಡಿದ ಹೆಂಡತಿಯ ಹೆಸರಂತೂ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಹೀಗಿರಲು ನಿದ್ದೆಗುಳಿಗೆಯಷ್ಟನ್ನೇ ಕೊಟ್ಟು ಕಳಿಸಿದರೆ ಅರ್ಧ ಚಿಕಿತ್ಸೆಯಾದೀತು. ಸಾಲ ಮನ್ನಾ ಮಾಡಿ ಮನಸ್ಸನ್ನು ಮರೆತರೂ ಅರ್ಧವೇ.

ಕಾಯಿದೆ ಈಗ ಈ ಮಾತನ್ನು ಒಪ್ಪಿದೆ. ಸಾಯಲು ಯತ್ನಿಸಿ ಉಳಿದವನನ್ನು ಹಿಂದೆ ಅಪರಾಧಿಯೆಂದು ಎಣಿಸುತ್ತಿದ್ದರು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆ ಅವನನ್ನು ತೀವ್ರ ಸಂಕಟಕ್ಕೆ ಸಿಕ್ಕವನೆಂದು ಕಾಣುತ್ತದೆ. ಆರೈಕೆ, ಚಿಕಿತ್ಸೆ, ಪುನರ್ವಸತಿಗಳನ್ನು ಸರ್ಕಾರದ ಹೊಣೆಯಾಗಿಸಿದೆ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿತು.

ವೈದ್ಯ ಹಳ್ಳಿಗೆ ಹೋಗಬಲ್ಲನೆಂಬುದನ್ನೂ ಕರ್ನಾಟಕವೇ ತೋರಿಸಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ತರಬೇತಿ ಕೊಟ್ಟರು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. ಅಂಥ ಕೇಂದ್ರದಲ್ಲಿ “ನಿದ್ದೆ ಬರುತ್ತದೆಯೇ?” ಎಂದು ಕೇಳುವವರು “ಸಾಲ ಎಷ್ಟಿದೆ, ಯಾರು ಕಾಡುತ್ತಿದ್ದಾರೆ?” ಎಂದೂ ಕೇಳಬೇಕು.

ಪಟ್ಟಣದಲ್ಲಿ ಕುಳಿತು ಕೇಳುವ ನಮಗೇನು ಕೆಲಸ ಎನ್ನಬೇಡಿರಿ. ಉದ್ರಿ ಕೊಡುವ ಅಂಗಡಿಕಾರರು, ಬ್ಯಾಂಕಿನವರು, ಹಳ್ಳಿಯಲ್ಲಿ ಅಣ್ಣತಮ್ಮಂದಿರುಳ್ಳವರು ನಮ್ಮಲ್ಲಿಯೇ ಇದ್ದಾರೆ. ಒಬ್ಬನು ಮಾತು ಬಿಟ್ಟು ಕುಗ್ಗಿದ್ದರೆ ಹತ್ತಿರ ಕುಳಿತು, “ತಮ್ಮಾ, ಬದುಕು ಬೇಡವೆನಿಸುತ್ತಿದೆಯೇನು?” ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ; ಒಳಗಿನ ಭಾರ ಇಳಿಯುತ್ತದೆ. ಅವನನ್ನು ಒಂಟಿಯಾಗಿ ಬಿಡಬೇಡಿರಿ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿ ಕೈಗೆಟುಕದಂತಿರಲಿ. ಶ್ರೀಲಂಕೆಯಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಇಳಿದವು. ಆ ಕೆಟ್ಟ ಗಳಿಗೆ ದಾಟಿದರೆ ಅನೇಕರು ಬದುಕುತ್ತಾರೆ.

ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯಿದೆ. 2022ರಿಂದ ‘ಟೆಲಿ ಮಾನಸ್’ ದೂರವಾಣಿ 14416 ಹಗಲಿರುಳೂ ಇದೆ. ಕರೆಗೆ ಕಾಸಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಊರಿಗೆ ಹೋದಾಗ ನಿಮ್ಮವರಿಗೂ ತಿಳಿಸಿರಿ.