ಪಾವಟಿಗಿ ಮ್ಯಾಲಿನ ಗುಡ್ಡ

ಈಗ ಕೇಳಿಸ್ತಲ್ಲ, ಟಪ್ ಟಪ್ ಅಂತ, ಆ ಚಪ್ಪಲಿ ಸಪ್ಪಳ ನಂದ. ಬೈಲಹೊಂಗಲದಾಗ ನಮ್ಮ ಮನಿ ಹೊರಗಿನ ಪಾವಟಿಗಿ. ಒಟ್ಟು 20. ಒಂದೊಂದು 6 ಇಂಚು ಎತ್ತರ, ಟೇಪ್ ಹಿಡದು ಅಳದೇನಿ. ಅಂದ್ರ ಕೆಳಗಿಂದ ಮ್ಯಾಳಿಗಿಗೆ 10 ಫೂಟು, ಮೂರು ಮೀಟರ್ ಅನ್ರಿ. ಈ ಮೂರು ಮೀಟರಿನಾಗ ಒಂದು ಗುಡ್ಡಾ ಹೆಂಗ ಹಿಡಸೂದು, ಆ ಗುಡ್ಡದ ಹೆಸರಲೆ ಯಾರಿಗರ ನಾಕು ರೂಪಾಯಿ ಹೆಂಗ ಮುಟ್ಟಸೂದು, ಇವತ್ತ ಅದನ್ನ ಮಾತಾಡೂಣು.

ಮೊದಲನೇ ದಿನ ನಾ ಏಳೆಂಟು ಸಲ ಹತ್ತಿ ಇಳದಿರಬೇಕು. ಬಾಜೂ ಮನಿ ಕಾಕು ಕಟ್ಟಿ ಮ್ಯಾಲ ಕುಂತು ಬ್ಯಾಳಿ ಹಸನ ಮಾಡಾಕತ್ತಿದ್ಲು. ಮೊರಾ ಬದಿಗಿಟ್ಟು ಕೇಳಿದ್ಲು, “ಏನ ಮರತಿ ತಮ್ಮಾ ಮ್ಯಾಲ? ಆಗಿಂದ ನೋಡಾಕತ್ತೇನಿ, ಹತ್ತತಿ, ಬರೇಗೈಲೆ ಇಳೀತಿ.”

“ಇಲ್ಲ ಕಾಕೂ, ಗುಡ್ಡಾ ಏರಾಕತ್ತೇನಿ” ಅಂದೆ.

“ಯಾವ ಗುಡ್ಡಾ?”

“ಮುಳ್ಳಯ್ಯನಗಿರಿ. ಚಿಕ್ಕಮಗಳೂರ ಕಡೆ ಬರತೈತಿ.”

“ಎಲ್ಲವ್ವನ ಗುಡ್ಡ ಮಗ್ಗಲದಾಗ ಇರಾಕ, ಅಷ್ಟ ದೂರದ್ದ ಯಾಕ ಬೇಕಾತು ನಿನಗ?”

ಆ ಪ್ರಶ್ನೆಗೆ ನನ್ನ ಕಡೆ ಉತ್ತರ ಇರಲಿಲ್ಲ. ಅದಕ್ಕ ಆಮ್ಯಾಲ ಬರ್ತೇನಿ. ಮೊದಲ ಈ ಹುಚ್ಚು ಎಲ್ಲಿಂದ ಬಂತು ಅಂತ ಹೇಳಿಬಿಡ್ತೇನಿ.

2020, ಲಾಕ್‌ಡೌನ್. ಸ್ಕಾಟ್ಲೆಂಡಿನ ಉತ್ತರ ಭಾಗದಾಗ ಮಾರ್ಗರೆಟ್ ಪೇನ್ ಅಂತ ಒಬ್ಬ ಅಜ್ಜಿ, ವಯಸ್ಸು 90. ಅಲ್ಲೆ ಸೂಲ್ವೆನ್ ಅಂತ ಒಂದು ಗುಡ್ಡ ಐತಿ, 731 ಮೀಟರ್. ಹದಿನೈದು ವರ್ಷದ ಹುಡುಗಿ ಇದ್ದಾಗ ಆಕಿ ಅದನ್ನ ಖರೇನ ಏರಿದ್ಲು. ಈಗ ಹೊರಗ ಹೋಗಾಕ ಬರೂದಿಲ್ಲ, ಏರೂ ವಯಸ್ಸೂ ಅಲ್ಲ. ಹಂಗಂತ ಆಕಿ ಸುಮ್ಮನ ಕುಂದರಲಿಲ್ಲ. ಮನಿ ಪಾವಟಿಗಿ 282 ಸಲ ಹತ್ತಿದ್ರ ಸೂಲ್ವೆನ್ ಎತ್ತರ ಆಗತೈತಿ ಅಂತ ಲೆಕ್ಕಾ ಹಾಕಿ, ಈಸ್ಟರ್ ಹಬ್ಬದ ದಿನ ಸುರು ಮಾಡಿ, ಜೂನ್ ತಿಂಗಳದಾಗ ಮುಗಿಸಿದ್ಲು. ಒಟ್ಟು 73 ದಿನ. ದವಾಖಾನಿ ಮಂದಿಗೆ, ಕಡೀ ದಿನದ ರೋಗಿಗಳನ್ನ ನೋಡಿಕೊಳ್ಳೂ ಸಂಸ್ಥಾಕ್ಕ ಅಂತ ರೊಕ್ಕಾ ಕೇಳಿದ್ಲು. ಕೂಡಿದ್ದು ನಾಲ್ಕು ಲಕ್ಷ ಪೌಂಡಿಗೂ ಮಿಕ್ಕಿ.

ಈ ಸುದ್ದಿ ಓದಿದವ್ರೆಲ್ಲ ಆ ನಾಲ್ಕು ಲಕ್ಷ ನೋಡಿ ಬಾಯಿ ಮ್ಯಾಲ ಬೆರಳ ಇಡ್ತಾರ. ನಾ ನೋಡಿದ್ದು ಬ್ಯಾರೆ. 282ನ್ನ 73ಲೆ ಭಾಗಸ್ರಿ. ದಿನಕ್ಕ ಸುಮಾರು ನಾಲ್ಕ ಸಲ. ನಾಲ್ಕ! ಮುಂಜಾನೆ ಎರಡು, ಸಂಜೀಕ ಎರಡು. ನಮ್ಮ ಮನ್ಯಾಗ ಚಾರ್ಜರ್ ಹುಡುಕಾಕ ಅದಕ್ಕಿಂತ ಹೆಚ್ಚು ಹತ್ತಿ ಇಳೀತೇವಿ. ಆಕಿ ದೊಡ್ಡಸ್ತನ ಕಾಲಾಗ ಇರಲಿಲ್ಲ. ಮೊದಲ ಬಾಯಿಬಿಟ್ಟು ಹೇಳಿ, ಆಮ್ಯಾಲ ದಿನಾ ತಪ್ಪದ ಹತ್ತಿದ್ದರಾಗ ಇತ್ತು.

ಅದೇ ವರ್ಷ ಬೆಂಗಳೂರಿನ ಟಿಸಿಎಸ್ ವರ್ಲ್ಡ್ ಟೆನ್‌ಕೆ ಓಟಾನೂ ಸಾಮಾನ್ಯ ಮಂದಿಗೆ ರಸ್ತೇ ಬಿಟ್ಟು ಮೊಬೈಲ್ ಆ್ಯಪಿನಾಗ ನಡೀತು. ಅವರವರ ಊರಾಗ, ಅವರವರ ಓಣ್ಯಾಗ ಓಡಿ ಲೆಕ್ಕಾ ತೋರಸೂದು. ನಮ್ಮ ಕಡೆ ಆ ವರ್ಷ ಏನಾತು? ಮಾರ್ಚಿನಾಗ ಸವದತ್ತಿ ಎಲ್ಲವ್ವನ ಗುಡಿ ಬಾಗಿಲಾ ಹಾಕಿದ್ರು, ತಿಂಗಳಗಟ್ಟಲೆ ತೆಗೀಲಿಲ್ಲ. ಬನದ ಹುಣ್ಣಿಮಿ, ಭಾರತ ಹುಣ್ಣಿಮಿಗೆ ಕಾಲಿಡಾಕ ಜಾಗಾ ಇರದ ಗುಡ್ಡ ಅದು. ಚಕ್ಕಡಿ ಕಟ್ಟಿಕೊಂಡು, ನಡಕೊಂಡು, ಜೋಗುಳಬಾವಿಯಾಗ ಝಳಕಾ ಮಾಡಿ, ಸತ್ಯವ್ವಗ ಕೈ ಮುಗದು, ಭಂಡಾರ ಹಚ್ಚಿಕೊಂಡು ಮ್ಯಾಲ ಹೋಗೂ ಮಂದಿ. ಅಂಥಾ ಗುಡ್ಡ ಖಾಲಿ.

ಕಾಕು ಮಾತು ನನಗ ಅಲ್ಲೇ ನಟ್ಟಿತ್ತು. ನಾ ಆಕಿಗೆ ಸ್ಕಾಟ್ಲೆಂಡ್ ಅಜ್ಜಿ ಕತಿ ಎಲ್ಲಾ ಹೇಳಿದೆ. ಪೂರ್ತಿ ಕೇಳಿ, “ಹಂಗಾರ ಹರಕಿ ಅನ್ನು” ಅಂದ್ಲು. ಅಷ್ಟ. ಅರ್ಧಾ ತಾಸು ನಾ ಹೇಳಿದ್ದನ್ನ ಒಂದು ಮಾತಿನಾಗ ಮುಗಿಸಿದ್ಲು.

ಖರೇನ ನೋಡ್ರಿ. ಮೈಗೆ ಒಂದಿಷ್ಟು ಕಷ್ಟಾ ಕೊಡತೇನಿ ಅಂತ ಮೊದಲ ಮಂದಿ ಮುಂದ ಮಾತು ಕೊಡೂದು, ಲೆಕ್ಕಾ ಇಟ್ಟು ಮುಗಸೂದು, ಅದರ ಜೋಡಿ ಕೊಡೂದು ತಗೊಳ್ಳೂದು. ದೀಡ ನಮಸ್ಕಾರ ಹಾಕೂದು ಇದ. ಮಂಗಳವಾರ, ಶುಕ್ರವಾರ ಐದು ಮನಿ ಜೋಗ ಬೇಡೂದೂ ಇದ. ಐದ ಮನಿ ಯಾಕ? ಒಬ್ಬರ ಮ್ಯಾಲ ಭಾರ ಬೀಳಬಾರದು, ಐದು ಮಂದಿಗೆ ಗೊತ್ತಿರಬೇಕು ಅಂತ ಇರಬೇಕು, ಇದು ನನ್ನ ತರ್ಕ. ಈಗಿನವರು ಇದಕ್ಕ ಚಾಲೆಂಜ್ ಅಂತಾರ, ಲಿಂಕ್ ಕಳಸ್ತಾರ. ಒಂದು ಮಾತು ಇಲ್ಲೆ ಹೇಳಿಬಿಡಬೇಕು. ಎಲ್ಲವ್ವನ ಗುಡ್ಡದ ಹೆಸರಲೆ ಹೆಣ್ಣಮಕ್ಕಳನ್ನ ದೇವರಿಗೆ ಬಿಟ್ಟು ಬಾಳ ಹಾಳ ಮಾಡಿದ್ದೂ ಐತಿ. 1982ರಾಗ ಅದಕ್ಕ ಕಾಯ್ದೆ ತಂದು ನಿಲ್ಲಸಬೇಕಾತು. ಅದನ್ನ ಮುಚ್ಚಿಟ್ಟು ನಾ ಹರಕಿ ಹಾಡಿ ಹೊಗಳಾಂಗಿಲ್ಲ. ಹರಕಿ ನಮ್ಮ ಕಾಲಿನ ಮ್ಯಾಲ ಇರಬೇಕು, ಇನ್ನೊಬ್ಬರ ಜೀವದ ಮ್ಯಾಲ ಅಲ್ಲ.

ಈಗ ಲೆಕ್ಕಕ್ಕ ಬರೂಣು. ಇಲ್ಲೆ ಮಂದಿ ಭಾಳ ಎಡವತಾರ, ನಾನೂ ಎಡವಿದೆ. ಗುಡ್ಡದ ಎತ್ತರ ಅಂತ ಪುಸ್ತಕದಾಗ ಬರದಿರತೈತಲ್ಲ, ಅದು ಸಮುದ್ರಮಟ್ಟದಿಂದ. ಮುಳ್ಳಯ್ಯನಗಿರಿ 1,930 ಮೀಟರ್ ಅಂದ್ರ ಸಮುದ್ರದ ಮಟ್ಟದಿಂದ ಅಳದದ್ದು. ಆದ್ರ ಯಾರೂ ಕಾರವಾರದಿಂದ ನಡಕೊಂತ ಮುಳ್ಳಯ್ಯನಗಿರಿ ಏರೂದಿಲ್ಲ. ನಾವರ ಎಲ್ಲಿದೀವಿ? ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ನಾಲ್ಕೂ ಸಮುದ್ರಕ್ಕಿಂತ 500 ಮೀಟರಿಗೂ ಮ್ಯಾಲ ಕುಂತಾವು. ಹಾಸಿಗಿ ಬಿಟ್ಟು ಏಳೂಕಿಂತ ಮೊದಲ ನಾವು ಅಷ್ಟು ಏರಿ ಬಿಟ್ಟೇವಿ!

ಶ್ರವಣಬೆಳಗೊಳದ ವಿಂಧ್ಯಗಿರಿ ತಗೋರಿ, ಗೊಮ್ಮಟ ನಿಂತ ಬೆಟ್ಟ. ಸಮುದ್ರದಿಂದ 3,347 ಫೂಟು. ಆದ್ರ ಕೆಳಗಿನ ಬಯಲಿನಿಂದ ಬರೇ 470 ಫೂಟು. ನಮ್ಮ ಹತ್ತು ಫೂಟಿನ ಪಾವಟಿಗಿ ಮ್ಯಾಲ ಮೊದಲನೇ ಲೆಕ್ಕಕ್ಕ 335 ಸಲ ಹತ್ತಬೇಕು, ಎರಡನೇದಕ್ಕ 47 ಸಲ. ಯಾವುದು ಖರೆ? ಯಾತ್ರಾ ಮಾಡೂ ಅಜ್ಜಿ ಹತ್ತೂದು 470 ಫೂಟನ್ನ. ನಾನೂ ಅದನ್ನ ಖರೆ ಅಂತೇನಿ. ಎವರೆಸ್ಟ್ ಏರವ್ರೂ ಹಂಗ, ನೇಪಾಳದ ಕಡೆ ಬೇಸ್ ಕ್ಯಾಂಪ 5,364 ಮೀಟರ್ ಮ್ಯಾಲ ಐತಿ. ಅಲ್ಲಿಂದ 8,848.86ಕ್ಕ ಉಳದದ್ದು ಮೂರೂವರಿ ಸಾವಿರ ಮೀಟರಿಗೆ ಒಂಚೂರು ಕಮ್ಮಿ. ಮನ್ಯಾಗ ಪೂರ್ತಿ ಎವರೆಸ್ಟ್ ಹತ್ತೇನಿ ಅಂತ ಪಟ ಹಾಕವ್ರು ಹಾಕಲಿ, 2,950 ಸಲ ಹತ್ತಬೇಕು. ದಿನಕ್ಕ 20 ಅಂದ್ರೂ ಐದು ತಿಂಗಳ. ಹತ್ತರಾಗ ಒಂಬತ್ತು ಮಂದಿ ಎರಡನೇ ವಾರಕ್ಕ ಬಿಡ್ತಾರ. ಲೆಕ್ಕಾ ಹಿಡದು ಹೇಳಿದ್ದಲ್ಲ, ಗೆಳ್ಯಾರನ್ನ ನೋಡಿ ಹೇಳಿದ್ದು.

ಅದಕ್ಕ ನಾ ಮುಳ್ಳಯ್ಯನಗಿರಿ ಕೈಬಿಟ್ಟು ಕಾಕು ಹೇಳಿದ್ದನ್ನ ಹಿಡದೆ. ನಿಮ್ಮ ಊರ ಮಗ್ಗಲಿನ ಗುಡ್ಡಕ್ಕ ಹೋಗ್ರಿ. ಬುಡದಾಗ ನಿಂತು ಮೊಬೈಲಿನಾಗ ಎತ್ತರ ನೋಡ್ರಿ, ಬರಕೋರಿ. ತುದಿಗೆ ಹೋಗಿ ಮತ್ತ ನೋಡ್ರಿ. ವಜಾ ಮಾಡಿ, ನಿಮ್ಮ ಪಾವಟಿಗಿ ಎತ್ತರಲೆ ಭಾಗಸ್ರಿ. ಮೊಬೈಲ್ ಹತ್ತಿಪ್ಪತ್ತು ಮೀಟರ್ ಆಚೀಚಿ ಹೇಳತೈತಿ, ಎರಡು ಮೂರು ಸಲ ನೋಡ್ರಿ. ಎಲ್ಲವ್ವನ ಗುಡ್ಡ ಇರಲಿ, ಕಿತ್ತೂರಿನ ಗಡಾದ ಮರಡಿ ಇರಲಿ. ಒಮ್ಮೆ ಕಾಲಿಟ್ಟು ಬಂದ ಗುಡ್ಡ ಆದ್ರ ಪಾವಟಿಗಿ ಹತ್ತೂಮುಂದ ಕಣ್ಣಿಗೆ ಕಟ್ಟತೈತಿ.

ಮೈಗೆ ಏನ ಆಗತೈತಿ ಅಂತ ಕೇಳ್ತೀರಿ. ತೂಕ ಇಳಸೂ ಆಸೇಲೆ ಬಂದವ್ರಿಗೆ ಮೊದಲ ಬೇಜಾರಿನ ಸುದ್ದಿ ಹೇಳ್ತೇನಿ. 60 ಕಿಲೋ ಮನಷ್ಯಾ ಮೂರು ಮೀಟರ್ ಮ್ಯಾಲ ಹೋದ್ರ ಮೈ ಖರ್ಚು ಮಾಡೂದು ಸುಮಾರು ಎರಡು ಕ್ಯಾಲರಿ. ಇಪ್ಪತ್ತ ಸಲ ಹತ್ತಿದ್ರ ನಲವತ್ತು. ಅರ್ಧಾ ಜ್ವಾಳದ ರೊಟ್ಟೀನೂ ಕರಗೂದಿಲ್ಲ. ಹತ್ತಿ ಬಂದೇನಿ ಅಂತ ಶೇಂಗಾ ಹೋಳಿಗಿಗೆ ಕೈ ಹಾಕಿದ್ರ ಮುಗೀತು ಕತಿ.

ಆದ್ರ ಎದಿ ಗುಂಡಿಗಿ ಲೆಕ್ಕಾ ಬ್ಯಾರೆ. 1953ರಾಗ ಲಂಡನ್ನಿನ ಜೆರೆಮಿ ಮಾರಿಸ್ ಅನ್ನೂ ವೈದ್ಯ ಅಲ್ಲಿನ ಡಬಲ್ ಡೆಕರ್ ಬಸ್ಸಿನ ಡ್ರೈವರ್ ಮತ್ತ ಕಂಡಕ್ಟರರನ್ನ ಹೋಲಿಸಿ ನೋಡಿದ್ರು. ಒಂದ ಬಸ್ಸು, ಒಂದ ರಸ್ತೇ. ಡ್ರೈವರ್ ದಿನಪೂರ್ತಿ ಕುಂತಾನ, ಕಂಡಕ್ಟರ್ ದಿನಕ್ಕ ಐದುನೂರಕ್ಕ ಮ್ಯಾಲ ಪಾವಟಿಗಿ ಹತ್ತತಾನ. ಹೃದಯದ ರೋಗ ಕಂಡಕ್ಟರರಿಗೆ ಕಮ್ಮಿ ಇತ್ತು. ವ್ಯಾಯಾಮಕ್ಕೂ ಹೃದಯಕ್ಕೂ ನಂಟು ಐತಿ ಅನ್ನೂದಕ್ಕ ಗಟ್ಟಿ ಪುರಾವಾ ಸಿಕ್ಕಿದ್ದು ಅಲ್ಲಿಂದ. 2019ರಾಗ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವ್ರು ವ್ಯಾಯಾಮ ಮಾಡದ ಹುಡುಗ್ರಿಗೆ 60 ಪಾವಟಿಗಿ ಜೋರಲೆ ಹತ್ತಾಕ ಹಚ್ಚಿದ್ರು. ದಿನಕ್ಕ ಮೂರ ಸಲ, ನಡುವ ಒಂದರಿಂದ ನಾಲ್ಕು ತಾಸು ಬಿಟ್ಟು, ವಾರಕ್ಕ ಮೂರು ದಿನ. ಆರು ವಾರಕ್ಕ ಅವರ ದಮ್ಮು ಹೆಚ್ಚಾತು, ಭಾಳ ಅಲ್ಲ, ಅಳದ್ರ ಸಿಗೂವಷ್ಟು.

ಹತ್ತೂದು ದಮ್ಮಿನ ಕೆಲಸ, ಇಳಿಯೂದು ಮೊಣಕಾಲಿನ ಕೆಲಸ. ಮರುದಿನ ತೊಡಿ ಹಿಡಕೊಳ್ಳೂದು ಇಳದಿದ್ದಕ್ಕ. ಬೀಳೂದೂ ಇಳೀವಾಗ. ಮೊಣಕಾಲ ನೋವಿನವ್ರು, ಬಿಪಿ ಇದ್ದವ್ರು ವೈದ್ಯರನ್ನ ಕೇಳಿ ಸುರು ಮಾಡ್ರಿ, ಎದ್ಯಾಗ ಹಿಡದಂಗ ಆದ್ರ ಅಲ್ಲೇ ಕುಂದರ್ರಿ. ನಮ್ಮ ಕಡೆ ಹೊರಗಿನ ಪಾವಟಿಗಿಗೆ ಕಟಾಂಜನ ಹಚ್ಚೂದ “ಮುಂದ ನೋಡೂಣು” ಅಂತ ಬಿಟ್ಟಿರ್ತಾರ. ಅಂಥಾದ್ದರ ಮ್ಯಾಲ ಗುಡ್ಡಾ ಏರಬ್ಯಾಡ್ರಿ, ಮೊದಲ ಕಟಾಂಜನ ಹಚ್ರಿ.

ಇನ್ನ ರೊಕ್ಕದ ಮಾತು. ಕ್ಯಾಪ್ಟನ್ ಟಾಮ್ ಮೂರ್ ಹೆಸರು ಕೇಳಿರಬೇಕು. 2020ರಾಗ, ನೂರು ತುಂಬೂಕಿಂತ ಮೊದಲ ಹಿತ್ತಲದಾಗ ನೂರು ಸುತ್ತು ನಡದು, ಸಾವಿರ ಪೌಂಡ್ ಕೂಡಿಸಬೇಕು ಅಂತ ಹೊಂಟ ಮುದುಕಪ್ಪ. ಮೂರು ಕೋಟಿ ಪೌಂಡಿಗೂ ಮಿಕ್ಕಿ ಬಂತು. ಆ ರೊಕ್ಕ ನೆಟ್ಟಗ ಆಸ್ಪತ್ರಿ ಸೇವಾ ಸಂಸ್ಥಾಗಳಿಗೆ ಹೋತು, ಅದರಾಗ ಹುಳುಕಿಲ್ಲ. ಆಮ್ಯಾಲ ಅವರ ಹೆಸರಲೆ ಇನ್ನೊಂದು ಪ್ರತಿಷ್ಠಾನ ಹುಟ್ಟತು. ಮನಿ ಮಂದಿ ಅದರಿಂದ ಸ್ವಂತ ಲಾಭಾ ಮಾಡಿಕೊಂಡ್ರು ಅಂತ 2024ರಾಗ ಅಲ್ಲಿನ ಸರಕಾರಿ ಚಾರಿಟಿ ಆಯೋಗ ವರದಿ ಕೊಟ್ಟತು. ನಡದಂವಂದು ತಪ್ಪಿಲ್ಲ. ರೊಕ್ಕ ಯಾರ ಕೈಯಾಗ ನಿಲ್ಲತೈತಿ ಅನ್ನೂದರಾಗ ಎಲ್ಲಾ ಐತಿ.

ಇದಕ್ಕ ನಮ್ಮ ಸವದತ್ತಿ ತಾಲೂಕಿನಾಗ ಒಂದು ಹಳೇ ಪಾಠ ಐತಿ. ಶಿರಸಂಗಿ ಲಿಂಗರಾಜ ದೇಸಾಯರು 1906ರಾಗ ತೀರಿಕೊಂಡ್ರು. ಅದಕ್ಕಿಂತ ಮೊದಲ ಮೃತ್ಯುಪತ್ರದಾಗ ತಮ್ಮ ಆಸ್ತೀನ ಮಕ್ಕಳ ಓದಿಗೆ ಅಂತ ಬರದಿಟ್ಟಿದ್ರು. ಯಾರಿಗೆ, ಯಾದಕ್ಕ, ಎಲ್ಲಾ ಕಾಗದದ ಮ್ಯಾಲ. ನವಲಗುಂದ-ಶಿರಸಂಗಿ ಟ್ರಸ್ಟಿನ ಸ್ಕಾಲರ್‌ಶಿಪ್ಪಿನ ಮ್ಯಾಲ ಓದಿ ಬಂದವ್ರು ನಮ್ಮ ಕಡೆ ಎಷ್ಟೋ ಮಂದಿ ಅದಾರ. ನಮ್ಮದು ಐದುನೂರ ರೂಪಾಯಿ ಗುಡ್ಡ ಇರಬಹುದು, ಆದ್ರೂ ಬರೀರಿ. ರೊಕ್ಕ ನಿಮ್ಮ ಫೋನ್‌ಪೇಗೆ ಹಾಕಿಸ್ಕೋಬ್ಯಾಡ್ರಿ. ಕೊಡವ್ರು ನೆಟ್ಟಗ ಸಂಸ್ಥಾಕ್ಕ ಹಾಕಲಿ, ಪಾವತಿ ಅವರ ಹೆಸರಲೆ ಬರಲಿ. ನಮ್ಮ ಜಿಲ್ಲಾದಾಗ ಘಟಪ್ರಭಾದ ಮಾಸ್ ಅಂತ ಸಂಸ್ಥಾ ಐತಿ, ದೇವದಾಸಿ ಪದ್ಧತಿಯಿಂದ ಹೊರಗ ಬಂದ ಹೆಣ್ಣಮಕ್ಕಳದ. ಅದನ್ನ ನಡಸಿದ ಸೀತವ್ವ ಜೋಡಟ್ಟಿಯವ್ರಿಗೆ 2018ರಾಗ ಪದ್ಮಶ್ರೀ ಬಂತು. ಇಲ್ಲ ನಿಮ್ಮ ಓಣಿ ಸಾಲಿಗೆ ಕೊಡ್ರಿ. ಎಲ್ಲವ್ವನ ಗುಡ್ಡದ ಹೆಸರಲೆ ಹತ್ತಿ ಮಾಸ್‌ಗೆ ಕೊಡೂದು ನನಗ ಸರಿ ಅನಿಸ್ತು.

ಎಣಿಸೂದು ಹೆಂಗ? ನಾ ಮೊದಲ ಪ್ಯಾರಪೆಟ್ ಮ್ಯಾಲ ಬಟ್ಟಲ ಇಟ್ಟು, ಒಂದ ಸಲ ಹತ್ತಿದ್ರ ಒಂದು ಜ್ವಾಳದ ಕಾಳು ಹಾಕೂದು ಅಂತ ಇಟ್ಕೊಂಡಿದ್ದೆ. ಮೂರನೇ ದಿನ ನೋಡ್ತೇನಿ, 41 ಇರಬೇಕಾದಲ್ಲಿ ಆರು ಕಾಳು. ಗುಬ್ಬಿ ನನ್ನ ಗುಡ್ಡಾ ತಿಂದು ಹೋಗಿದ್ದವು. ಈಗ ಗ್ವಾಡಿ ಮ್ಯಾಲ ಸೀಮೆಸುಣ್ಣದ ಗೆರಿ ಹಾಕ್ತೇನಿ, ನಾಲ್ಕು ನಿಂತದ್ದು, ಐದನೇದ್ದು ಅಡ್ಡ.

ಆ ಗೆರೀನ ಕಾಕು ದಿನಾ ನೋಡ್ತಾಳ. ಒಂದು ಹುಣ್ಣಿಮಿ ಒಳಗ ಮುಗಿಸಿದ್ರ ಒಂದು ಸೇರು ಜ್ವಾಳ ಸಾಲಿ ಊಟಕ್ಕ ಕೊಡ್ತೇನಿ ಅಂತ ಮೊದಲನೇ ವಾರದಾಗ ಮಾತು ಕೊಟ್ಟಾಳ. ಮೊನ್ನೆ ಮಳಿ ಮಾಡ ಹಾಕಿತ್ತು. ಆಕಿ ತನ್ನ ಮ್ಯಾಳಿಗಿ ಮ್ಯಾಲ ಮೆಣಸಿನಕಾಯಿ ಒಣ ಹಾಕಿದ್ಲು, ಚೀಲ ಬಗಲಾಗ ಹಿಡದು ದಬದಬ ಹತ್ತಿದ್ಲು. ನನಗ ಒಮ್ಮೆಲೆ ಲೆಕ್ಕಾ ಹೊಳೀತು. “ಕಾಕೂ, ಮನಿ ಕಟ್ಟಿಸಿ ಎಷ್ಟ ವರ್ಷ ಆತು?” ಅಂದೆ.

“ಹನ್ನೆರಡು.”

“ದಿನಕ್ಕ ಎಷ್ಟ ಸಲ ಮ್ಯಾಲ ಹೋಗ್ತಿ?”

“ಅರಬಿ ಒಣ ಹಾಕಾಕ ಒಮ್ಮೆ, ತರಾಕ ಒಮ್ಮೆ. ಬ್ಯಾಸಿಗ್ಯಾಗ ಸಂಡಿಗಿ, ಹಪ್ಪಳ ಬ್ಯಾರೆ.”

ಆಕಿ ಪಾವಟಿಗೀನೂ ಮೂರು ಮೀಟರ್. ಬರೇ ಎರಡ ಸಲ ಅಂತ ಹಿಡದ್ರೂ ವರ್ಷಕ್ಕ 2,190 ಮೀಟರ್, ಮುಳ್ಳಯ್ಯನಗಿರಿಗಿಂತ ಎತ್ತರ. ಹನ್ನೆರಡು ವರ್ಷಕ್ಕ 26,280. ಮೂರು ಎವರೆಸ್ಟಿಗೆ ಒಂಚೂರು ಕಮ್ಮಿ, ಅದೂ ಹಸಿ ಅರಬಿ ಬಕೀಟು ಹಿಡಕೊಂಡು. ಹಂಗಂತ ಹೇಳಿದೆ.

ಮೆಣಸಿನಕಾಯಿ ಚೀಲ ಕೆಳಗಿಟ್ಟು, ಸೊಂಟದ ಮ್ಯಾಲ ಕೈ ಇಟ್ಟು ನನ್ನ ಗ್ವಾಡಿ ಕಡೆ ನೋಡಿದ್ಲು. “ಹಂಗಾರ ಆ ಸುಣ್ಣದ ತುಂಡು ಇಲ್ಲೆ ಕೊಡು” ಅಂದ್ಲು. “ಮತ್ತ ನಂದಕ್ಕ ಯಾರ ಕೊಡ್ತೀರಿ ಸೇರು ಜ್ವಾಳ?”